ಪರಿಮಳದ ಬ್ಲ್ಯಾಕ್ ಟೀ: ಯಾವುದನ್ನ ಕುದಿಸಬೇಕು, ಯಾವುದನ್ನ ನೆನೆಸಬೇಕು?

ಎಲೆಬಟ್ಟಲು

ಫ್ಲೇವರ್ಡ್ ಟೀ ಅಂದ ಕೂಡಲೇ ಅರ್ಲ್ ಗ್ರೇ, ಲ್ಯಾಪ್‌ಸಾಂಗ್, ಗುಲಾಬಿ ಟೀ, ಇರಾನಿನ ಏಲಕ್ಕಿ ಟೀ, ಕರಾವಳಿಯ ಸುಲೈಮಾನಿ ಎಲ್ಲವನ್ನೂ ಒಂದೇ ಸಾಲಲ್ಲಿ ನಿಲ್ಲಿಸಿಬಿಡ್ತೀವಿ. ಆಮೇಲೆ ಎಲ್ಲವನ್ನೂ ಒಲೆ ಮೇಲಿಟ್ಟು ಒಂದೇ ಥರ ಕುದಿಸ್ತೀವಿ. "ಅಷ್ಟು ದುಡ್ಡು ಕೊಟ್ಟು ತಂದದ್ದು, ಕಹಿ ಬಿಟ್ಟರೆ ಏನೂ ಇಲ್ಲ" ಅನ್ನೋ ದೂರು ಹುಟ್ಟೋದು ಅಲ್ಲೇ.

ಮೊದಲು ನೋಡಬೇಕಾದ್ದು ಪರಿಮಳ ಯಾವ ಹಂತದಲ್ಲಿ ಸೇರಿದೆ ಅಂತ. ಚೀನಾದ ಹೊಗೆ ಟೀ ಲ್ಯಾಪ್‌ಸಾಂಗ್‌ನಲ್ಲಿ ಎಲೆ ಇನ್ನೂ ಹಸಿ ಇರುವಾಗಲೇ ಹೊಗೆ ಒಳಕ್ಕೆ ಇಳಿದಿರುತ್ತೆ. ಹೂವಿನ ಟೀಯಲ್ಲಿ ಒಣಗಿದ ಎಲೆಯನ್ನ ತಾಜಾ ಹೂವಿನ ಜೊತೆ ರಾತ್ರಿಯಿಡೀ ಇಟ್ಟಿರ್ತಾರೆ. ಅರ್ಲ್ ಗ್ರೇ ಥರದ್ದರಲ್ಲಿ, ಪೂರ್ತಿ ಸಿದ್ಧವಾದ ಟೀಯನ್ನ ಡ್ರಮ್ಮಲ್ಲಿ ತಿರುಗಿಸ್ತಾ ಎಣ್ಣೆ ಸಿಂಪಡಿಸಿರ್ತಾರೆ. ಅದು ಎಲೆಯ ಮೈಮೇಲಷ್ಟೇ ಕೂತಿರುತ್ತೆ. ಮಸಾಲೆ ಟೀ, ಸುಲೈಮಾನಿಗೆ ಪರಿಮಳ ಸೇರೋದು ನಮ್ಮ ಪಾತ್ರೆಯಲ್ಲೇ. ಮೈಮೇಲೆ ಕೂತ ಎಣ್ಣೆಯನ್ನ ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಏನೂ ಇಲ್ಲ. ಚಕ್ಕೆ, ಏಲಕ್ಕಿಯನ್ನ ಕುದಿಸದಿದ್ದರೆ ಅವು ಸರಿಯಾಗಿ ಬಿಡೋದೇ ಇಲ್ಲ.

ಅರ್ಲ್ ಗ್ರೇಗೆ ನನ್ನ ಅಳತೆ: 200 ಮಿಲಿ ನೀರಿಗೆ 2.5 ಗ್ರಾಂ ಎಲೆ, ಕುದಿ ಬಂದ ನೀರನ್ನ ಎಲೆ ಮೇಲೆ ಸುರಿದು ಮುಚ್ಚಿಟ್ಟು 3 ನಿಮಿಷ, ಹೆಚ್ಚೆಂದರೆ 4. ಮುಚ್ಚೋದನ್ನ ಮರೀಬೇಡಿ. ಆವಿ ಜೊತೆ ಹೋಗೋದೇ ಬರ್ಗಮಾಟ್, ಅಂದರೆ ಅರ್ಲ್ ಗ್ರೇಗೆ ಪರಿಮಳ ಕೊಡೋ ನಿಂಬೆ ಜಾತಿಯ ಹಣ್ಣಿನ ಎಣ್ಣೆ. "95 ಡಿಗ್ರಿಗೆ ಆರಿಸಿ" ಅಂತ ವಿದೇಶಿ ಪ್ಯಾಕೆಟ್ ಮೇಲೆ ಬರೆದಿರೋದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯೋದೇ ಸುಮಾರು 97 ಡಿಗ್ರಿಗೆ, ಊಟಿಯಲ್ಲಿ 93ರ ಆಸುಪಾಸು.

ಚಮಚದ ಲೆಕ್ಕವನ್ನೂ ನಂಬಬೇಡಿ. ಉದ್ದ ಎಲೆ ಒಂದು ಚಮಚಕ್ಕೆ ಒಂದೂವರೆ ಗ್ರಾಂ ಬಂದರೆ, ನುಚ್ಚೆಲೆ ಹತ್ತಿರ ಹತ್ತಿರ ಮೂರು ಬರುತ್ತೆ. ಸಣ್ಣ ತಕ್ಕಡಿ ಒಂದಿದ್ದರೆ ಅರ್ಧ ಸಮಸ್ಯೆ ಮುಗೀತು.

ಕಡಕ್_ಚಾ

ಸರ, ಇಷ್ಟೆಲ್ಲಾ ಹೇಳಿದ್ರಿ, ಹಾಲು ಹಾಕಬೇಕೋ ಬ್ಯಾಡೋ ಅದನ್ನ ಹೇಳಲಿಲ್ಲ. ಧಾರವಾಡ ಕಡೆ ಮಂದಿಗೆ ಹಾಲಿಲ್ಲದ ಚಹಾ ಅಂದ್ರ ಜ್ವರ ಬಂದಾಗ ಕುಡಿಯೂದು. ಅರ್ಲ್ ಗ್ರೇದಾಗ ನಿಂಬಿ ಇರ್ತದ ಅಂತಾರ, ಹಾಲು ಒಡೆಯೂದಿಲ್ಲೇನು?

ಎಲೆಬಟ್ಟಲು

ಒಡೆಯಲ್ಲ. ಅದರಲ್ಲಿರೋದು ಬರ್ಗಮಾಟ್ ಹಣ್ಣಿನ ಸಿಪ್ಪೆಯ ಎಣ್ಣೆ, ರಸ ಅಲ್ಲ. ಹಾಲು ಒಡೆಸೋದು ರಸದ ಹುಳಿ. ಎಣ್ಣೆಯಲ್ಲಿ ಹುಳಿ ಇಲ್ಲ. ಆದರೆ ಹಾಲನ್ನ ಟೀ ಜೊತೆ ಕುದಿಸಬೇಡಿ. ಹಾಲಿನ ಕೊಬ್ಬು ಪರಿಮಳದ ಎಣ್ಣೆಯನ್ನ ಹಿಡಿದಿಟ್ಟುಕೊಳ್ಳುತ್ತೆ, ಮೂಗಿಗೆ ಬರೋದು ಕಡಿಮೆಯಾಗುತ್ತೆ. ಅದಕ್ಕೇ ಹಾಲು ಹಾಕೋದಾದರೆ ಡಿಕಾಕ್ಷನ್ ಗಟ್ಟಿ ಇರಬೇಕು: 120 ಮಿಲಿ ನೀರಿಗೆ 4 ಗ್ರಾಂ ಎಲೆ, 5 ನಿಮಿಷ ಮುಚ್ಚಿ, ಸೋಸಿ. 60–65 ಡಿಗ್ರಿ ಬಿಸಿ ಮಾಡಿ ನೊರೆ ಬರಿಸಿದ ಹಾಲು 120 ಮಿಲಿ, ವೆನಿಲ್ಲಾ ಎಸೆನ್ಸ್ ಎರಡು ಮೂರು ಹನಿ, ಸಕ್ಕರೆ ಒಂದು ಚಮಚ. ಕೆನಡಾದ ವ್ಯಾಂಕೂವರ್ ಕಡೆ ಶುರುವಾದ ಲಂಡನ್ ಫಾಗ್ ಅಂದರೆ ಇದೇ.

ಬರ್ಗಮಾಟ್ ಬೆಳೆಯೋದು ಬಹುಪಾಲು ಇಟಲಿಯ ತುದಿಯ ಕಲಾಬ್ರಿಯಾದಲ್ಲಿ. ಹೆಸರು ಬಂದದ್ದು 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಚಾರ್ಲ್ಸ್ ಗ್ರೇ ಅವರಿಂದ. ಚೀನಾದ ಅಧಿಕಾರಿಯೊಬ್ಬ ಅವರಿಗೆ ಈ ಟೀ ಉಡುಗೊರೆ ಕೊಟ್ಟ ಅನ್ನೋದು ಪ್ಯಾಕೆಟ್ ಮಾರೋಕೆ ಕಟ್ಟಿದ ಕಥೆ. ಆ ಮನುಷ್ಯ ಚೀನಾ ನೋಡಿದವರೇ ಅಲ್ಲ.

ಆರ್ಥೊಡಾಕ್ಸ್_ಎಲೆ

ಮೂಲ ಎಲೆ ಯಾವುದು ಅನ್ನೋದನ್ನ ಯಾರೂ ಕೇಳ್ತಿಲ್ಲ. ಪರಿಮಳ ಚೆನ್ನಾಗಿದ್ದು ಎಲೆ ಕೆಟ್ಟದಾಗಿದ್ದರೆ ಮೊದಲ ಗುಟುಕು ಸ್ವರ್ಗ, ಮೂರನೆಯದು ಒಗರು.

ಬರ್ಗಮಾಟ್‌ಗೆ ಹಳೆಯ ಕಾಲದಲ್ಲಿ ಚೀನಾದ ಕೀಮನ್ ಬಳಸ್ತಿದ್ದರು. ಈಗ ಹೆಚ್ಚಾಗಿ ಸಿಲೋನ್, ಅಂದರೆ ಶ್ರೀಲಂಕಾದ ಟೀ. ನಮಗೆ ಹತ್ತಿರದ್ದು, ನನ್ನ ಪ್ರಕಾರ ಇದಕ್ಕೆ ಹೇಳಿ ಮಾಡಿಸಿದ್ದು, ನೀಲಗಿರಿ ಆರ್ಥೊಡಾಕ್ಸ್, ಅಂದರೆ ಕಾಳು ಮಾಡದೆ ಹೊಸೆದ ಎಲೆ. ಸ್ವಂತ ಹೂವಿನ ಘಮ ಇದೆ, ಬಣ್ಣ ತಿಳಿ, ಮತ್ತೆ ಐಸ್ ಹಾಕಿದರೂ ಕದಡಲ್ಲ. ಅಸ್ಸಾಂ ಗಟ್ಟಿಯಾಗಿ ಮಾಡಿ ಫ್ರಿಜ್ಜಲ್ಲಿಟ್ಟರೆ ಹಾಲು ಬೆರೆಸಿದ ಹಾಗೆ ಮಬ್ಬಾಗುತ್ತಲ್ಲ, ಅದು ಕೆಟ್ಟಿದ್ದಲ್ಲ. ತಣ್ಣಗಾದಾಗ ಕೆಫೀನ್ ಮತ್ತು ಥಿಯಾಫ್ಲೇವಿನ್ (ಟೀಗೆ ಬಣ್ಣ, ಕಡಕ್ ಕೊಡೋ ವಸ್ತು) ಒಂದಕ್ಕೊಂದು ಅಂಟಿಕೊಳ್ಳೋದು. ಸ್ವಲ್ಪ ಬಿಸಿ ನೀರು ಬೆರೆಸಿದರೆ ಮತ್ತೆ ತಿಳಿಯಾಗುತ್ತೆ.

ಸಿಟಿಸಿ ಮೇಲೆ ಬರ್ಗಮಾಟ್ ಸಿಂಪಡಿಸಿ ಮಾರೋರಿದ್ದಾರೆ. ದಂಡ. ಸಿಟಿಸಿ 1930ರ ಸುಮಾರಿಗೆ ಅಸ್ಸಾಮಲ್ಲಿ ಬಂದ ಯಂತ್ರ. ಎಲೆಯನ್ನ ಜಜ್ಜಿ, ಹರಿದು, ಕಾಳು ಮಾಡುತ್ತೆ. ಒಂದೂವರೆ ನಿಮಿಷಕ್ಕೆ ಬಣ್ಣ, ಕಡಕ್ ಎಲ್ಲ ಬಿಟ್ಟುಬಿಡುತ್ತೆ. ಶುಂಠಿ, ಏಲಕ್ಕಿ ಜೊತೆ ಅದು ಸೆಣಸುತ್ತೆ, ಸಿಟ್ರಸ್ ಎಣ್ಣೆಯನ್ನ ನುಂಗಿಹಾಕುತ್ತೆ.

ಇನ್ನೊಂದು. ಶ್ರೀಲಂಕಾದ ಊವಾ ಟೀಯಲ್ಲಿ ಬರೋ ನೋವಿನ ಮುಲಾಮಿನ ತಣ್ಣನೆ ವಾಸನೆ, ಡಾರ್ಜಿಲಿಂಗ್ ಸೆಕೆಂಡ್ ಫ್ಲಶ್‌ನಲ್ಲಿ (ವರ್ಷದ ಎರಡನೇ ಕೊಯ್ಲು) ಬರೋ ದ್ರಾಕ್ಷಿ ಘಮ, ಇವೆರಡೂ ಯಾರೂ ಬೆರೆಸಿದ್ದಲ್ಲ. ಡಾರ್ಜಿಲಿಂಗ್‌ನದಕ್ಕೆ ಜಿಗಿಹುಳು ಚಿಗುರನ್ನ ಕಚ್ಚಿದಾಗ ಗಿಡ ಬಿಡುವ ರಾಸಾಯನಿಕಗಳೂ ಕಾರಣ. "ಫ್ಲೇವರ್ ಹಾಕಿದಾರೆ" ಅಂತ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲಬೇಡಿ.

ಬೈಟೂ_ಬೇಡ

ಗುಲಾಬಿ ಎಸಳು, ನೀಲಿ ಹೂವಿನ ಎಸಳು ಇರೋ ಪ್ಯಾಕೆಟ್‌ಗೆ ದುಪ್ಪಟ್ಟು ದರ. ಆ ಎಸಳಿಂದ ರುಚಿ ಬರುತ್ತಾ?

ಆರ್ಥೊಡಾಕ್ಸ್_ಎಲೆ

ನೀಲಿ ಎಸಳಿಂದ ಏನೂ ಬರಲ್ಲ. ಅದು ಕಾರ್ನ್‌ಫ್ಲವರ್, ಕಣ್ಣಿಗಷ್ಟೇ. ಒಣ ಗುಲಾಬಿ ಎಸಳು ಸ್ವಲ್ಪ ಕೊಡುತ್ತೆ, ಆದರೆ ಪ್ಯಾಕೆಟ್ ತೆರೆದಾಗ ಮುಖಕ್ಕೆ ರಾಚುವ ಗುಲಾಬಿ ಬಂದಿರೋದು ಎಣ್ಣೆಯಿಂದ ಅಥವಾ ಫ್ಲೇವರ್‌ನಿಂದ. ಚೀನಾದ ಗ್ವಾಂಗ್‌ಡಾಂಗ್ ಕಡೆಯ ಹಳೇ ಪದ್ಧತಿಯ ಗುಲಾಬಿ ಟೀಯನ್ನ ಎಲೆ ಮತ್ತು ತಾಜಾ ಗುಲಾಬಿಯನ್ನ ಒಟ್ಟಿಗೆ ಇಟ್ಟು ಮಾಡ್ತಾರೆ. ಒಣ ಎಲೆ ಮೂಸಿದರೆ ಅದರ ಘಮ ಮೆದು, ಲೋಟದಲ್ಲಿ ಹೆಚ್ಚಾಗುತ್ತೆ. ಸಿಂಪಡಿಸಿದ್ದು ಸಾಮಾನ್ಯವಾಗಿ ಉಲ್ಟಾ: ಡಬ್ಬಿಯಲ್ಲಿ ಅಬ್ಬರ, ಲೋಟದಲ್ಲಿ ಸಪ್ಪೆ. ಎರಡನೇ ಸಲ ನೀರು ಹಾಕಿ ನೋಡಿ. ಪರಿಮಳ ಪೂರ್ತಿ ಮಾಯವಾದರೆ ಅದು ಮೈಮೇಲಿನದ್ದು.

ನಮ್ಮಲ್ಲಿ ಫ್ಲೇವರ್ ಬೆರೆಸಿದ ಟೀಗೆ "ಫ್ಲೇವರ್ಡ್ ಟೀ" ಅಂತ ಲೇಬಲ್ ಮೇಲೆ ಹಾಕಲೇಬೇಕು, ತಯಾರಕರು ಟೀ ಬೋರ್ಡ್‌ನಲ್ಲಿ ನೋಂದಾಯಿಸಿರಬೇಕು. ಪ್ಯಾಕೆಟ್ ಹಿಂಭಾಗ ತಿರುಗಿಸಿ ಓದಿ, ಮುಂಭಾಗದ ಹೂವಿನ ಚಿತ್ರ ನೋಡಬೇಡಿ.

ಘಟ್ಟದ_ಕೆಳಗೆ

ಸುಲೈಮಾನಿ ಬಗ್ಗೆ ಒಂದು ಸಾಲು ಬರೆದು ಬಿಟ್ಟಿರಲ್ಲ ಮಾರಾಯ್ರೆ. ಮಂಗಳೂರು, ಭಟ್ಕಳ, ಅತ್ತ ಮಲಬಾರ್, ಬಿರಿಯಾನಿ ತಿಂದ ಮೇಲೆ ಇದು ಇಲ್ಲದಿದ್ದರೆ ಊಟ ಮುಗಿದ ಹಾಗೆ ಅಲ್ಲ.

ಮೂರು ಗ್ಲಾಸಿಗೆ: ಅರ್ಧ ಲೀಟರ್ ನೀರಿಗೆ ಜಜ್ಜಿದ ಏಲಕ್ಕಿ 3, ಲವಂಗ 1 (ಎರಡು ಹಾಕಿದರೆ ಹಲ್ಲಿನ ಔಷಧದ ವಾಸನೆ), ಕಿರುಬೆರಳಿನ ಅರ್ಧದಷ್ಟು ಚಕ್ಕೆ. ಇದನ್ನು 4 ನಿಮಿಷ ಕುದಿಸಿ. ಸಕ್ಕರೆ ಈಗಲೇ ಹಾಕಿ. ಒಲೆ ಆರಿಸಿದ ಮೇಲೆ ಚಾಪುಡಿ, ಒಂದು ಚಮಚ ಸಮ ಮಾಡಿ, ರಾಶಿ ಅಲ್ಲ. ಮುಚ್ಚಿ 2 ನಿಮಿಷ. ಸೋಸಿ. ಸೋಸಿದ ಮೇಲೆಯೇ ಲಿಂಬೆ: 150 ಮಿಲಿ ಗ್ಲಾಸಿಗೆ ಅರ್ಧದಿಂದ ಒಂದು ಚಮಚ ರಸ. ಗ್ಲಾಸಿನ ಬದಿಯಿಂದ ರಸ ಇಳಿಯುವಾಗ ನೋಡಿ, ಕಪ್ಪು ಕೆಂಪು ಇದ್ದದ್ದು ರಸ ತಾಗಿದಲ್ಲಿಂದ ಶುರುವಾಗಿ ಜೇನಿನ ಬಣ್ಣಕ್ಕೆ ತಿರುಗ್ತದೆ. ಬಣ್ಣ ತಿರುಗದೆ ಕಂದಾಗಿಯೇ ಉಳಿದರೆ ಪುಡಿ ಹೆಚ್ಚಾಗಿದೆ ಅಂತ ಲೆಕ್ಕ.

ಲಿಂಬೆ ಕುದಿಸ್ಲಿಕ್ಕಿಲ್ಲ. ಕುದಿಸಿದರೆ ತಾಜಾ ಘಮ ಹೋಗಿ ಬರೀ ಹುಳಿ ಉಳಿತದೆ. ಸಿಪ್ಪೆ ಸಮೇತ ಹಾಕಿ ಕುದಿಸಿದರಂತೂ ಕಹಿ. ಪುದೀನ ಬೇಕಾದವರು ಎರಡು ಎಲೆ ಗ್ಲಾಸಿಗೆ ಹಾಕಿ, ಪಾತ್ರೆಗೆ ಬೇಡ.

ನೂಮಿ

ಕೊಲ್ಲಿ ದೇಶಗಳಲ್ಲಿ ಇರೋ ನಮ್ಮವರಿಗೆ ಇದರ ಸೋದರ ಸಂಬಂಧಿ ಪರಿಚಯ ಇರುತ್ತೆ. ಇರಾಕಿನ ನೂಮಿ ಬಸ್ರಾ, ಅಂದರೆ ಉಪ್ಪುನೀರಲ್ಲಿ ಬೇಯಿಸಿ ಬಿಸಿಲಲ್ಲಿ ಒಣಗಿಸಿದ ಕಪ್ಪು ನಿಂಬೆ. ಇದು ತಾಜಾ ನಿಂಬೆಯ ನಿಯಮ ಪಾಲಿಸಲ್ಲ, ಇದನ್ನ ಕುದಿಸಲೇಬೇಕು. ಅರ್ಧ ಲೀಟರಿಗೆ ಒಂದು. ಕಲ್ಲಲ್ಲಿ ಒಂದೇಟು ಕೊಟ್ಟು ಒಡೆದು, ಒಳಗಿನ ಬೀಜ ಎಲ್ಲ ತೆಗೆದು, 5 ನಿಮಿಷ ಕುದಿಸಿ, ಆಮೇಲೆ ಟೀ ಹಾಕಿ ಮುಚ್ಚಿಡೋದು. ಬೀಜ ಬಿಟ್ಟರೆ ಅಥವಾ ಹದಿನೈದು ನಿಮಿಷ ಕುದಿಸಿದರೆ ಕುಡಿಯೋಕಾಗದಷ್ಟು ಕಹಿ. ಕೊಳ್ಳುವಾಗ ಅಲ್ಲಾಡಿಸಿ ನೋಡಿ, ಹಗುರವಾಗಿ ಟೊಳ್ಳಾಗಿರಬೇಕು. ಭಾರ ಇದ್ದರೆ ಒಳಗೆ ಪೂರ್ತಿ ಒಣಗಿಲ್ಲ, ಬೂಷ್ಟು ಇರಬಹುದು.

ಸಮೋವಾರ್

"ಅರ್ಲ್ ಗ್ರೇಗೆ 4 ನಿಮಿಷಕ್ಕಿಂತ ಹೆಚ್ಚು ಬೇಡ" ಅಂದಿರಿ. ಇರಾನಿನಲ್ಲಿ ಬರ್ಗಮಾಟ್ ಹಾಕಿದ ಟೀಯನ್ನೇ 10ರಿಂದ 15 ನಿಮಿಷ ಇಡ್ತಾರೆ, ಜೊತೆಗೆ ಏಲಕ್ಕಿಯನ್ನೂ ಹಾಕ್ತಾರೆ. ಇದಕ್ಕೇನು ಹೇಳ್ತೀರಿ?

ನಾನೇ ಹೇಳ್ತೀನಿ. ಅಲ್ಲಿ ಎಲೆ ಇರೋ ಕೆಟಲ್ ಬೆಂಕಿ ಮೇಲೆ ಕೂರಲ್ಲ. ನೀರು ಕಾಯಿಸೋ ಹಂಡೆಯಂಥ ಸಮೋವಾರಿನ ತಲೆ ಮೇಲೆ ಅಥವಾ ಕೆಳಗಿನ ದೊಡ್ಡ ಕೆಟಲಿನ ಆವಿ ಮೇಲೆ ಕೂರುತ್ತೆ. ಒಳಗೆ ಗುಳ್ಳೆ ಏಳಲ್ಲ, ಎಲೆ ಅಲ್ಲಾಡಲ್ಲ, ಮುಚ್ಚಳದ ಮೇಲೆ ಬಟ್ಟೆ. ಬಿರಿಯಾನಿಗೆ ದಮ್ ಕಟ್ಟೋ ಲೆಕ್ಕವೇ. ಬರೋದು ಗಟ್ಟಿ ಡಿಕಾಕ್ಷನ್. ಲೋಟಕ್ಕೆ ಮೂರನೇ ಒಂದು ಭಾಗ ಹಾಕಿ ಉಳಿದದ್ದು ಬಿಸಿ ನೀರು. ಹಾಗಾಗಿ ಒಗರು ಕೂಡ ನೀರಾಗುತ್ತೆ. ಸೊಂಟ ಸಣ್ಣಗಿರೋ ಗಾಜಿನ ಲೋಟವೇ ಯಾಕೆ ಅಂದರೆ ಬಣ್ಣ ನೋಡಿ ನೀರು ಬೆರೆಸೋಕೆ. ಸಕ್ಕರೆ ಅಚ್ಚನ್ನ ಹಲ್ಲಿನ ನಡುವೆ ಹಿಡಿದು ಕುಡೀತಾರೆ, ಟೀ ಒಳಗೆ ಕರಗಿಸಲ್ಲ.

ಮನೆಯಲ್ಲಿ: ಅರ್ಧ ಲೀಟರ್ ಕೆಟಲಿಗೆ 10 ಗ್ರಾಂ ಉದ್ದ ಎಲೆ, ಬಾಯಿ ಬಿಡಿಸಿದ ಏಲಕ್ಕಿ 4. ಕುದಿ ನೀರು ಹಾಕಿ, ಆ ಕೆಟಲನ್ನ ಸಣ್ಣಗೆ ಕುದೀತಿರೋ ಪಾತ್ರೆಯ ಬಾಯಿ ಮೇಲೆ ಕೂರಿಸಿ 12 ನಿಮಿಷ. ಸಿಟಿಸಿಯಲ್ಲಿ ಮಾಡಿದರೆ ಮಾತ್ರ ಇದು ಔಷಧ ಆಗುತ್ತೆ. ಇರಾನಿನ ಲಾಹಿಜಾನ್ ತೋಟಗಳಿಗೆ ನಮ್ಮ ನಂಟೂ ಇದೆ: 19ನೇ ಶತಮಾನದ ಕೊನೆಗೆ ಭಾರತದಲ್ಲಿ ಇರಾನಿನ ಕಾನ್ಸುಲ್ ಆಗಿದ್ದ ಕಾಶೆಫ್ ಅಲ್-ಸಲ್ತನೆ ಇಲ್ಲಿಂದ ಟೀ ಸಸಿ ಒಯ್ದು ಅಲ್ಲಿ ಬೆಳೆ ನಿಲ್ಲಿಸಿದರು. ತುರ್ಕಿಯವರ ಎರಡು ಅಂತಸ್ತಿನ ಕೆಟಲ್‌ನದೂ ಇದೇ ವಿಧಾನ, ಅಲ್ಲಿ ಏಲಕ್ಕಿ ಇಲ್ಲ.

ರಷ್ಯನ್ನರ ಜವಾರ್ಕಾ ಅನ್ನೋ ಡಿಕಾಕ್ಷನ್ ಇನ್ನೂ ಗಟ್ಟಿ. 250 ಮಿಲಿಗೆ 12 ಗ್ರಾಂ, 5 ನಿಮಿಷ, ಆಮೇಲೆ ಲೋಟಕ್ಕೆ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಹಾಕಿ ನೀರು ತುಂಬೋದು. ಅದಕ್ಕೊಂದು ನಿಂಬೆ ಬಿಲ್ಲೆ, ಪಕ್ಕದಲ್ಲಿ ಹಣ್ಣಿನ ಪಾಕ. ಜವಾರ್ಕಾವನ್ನ ಎಲೆ ಸಮೇತ ಬೆಳಗಿಂದ ಸಂಜೆವರೆಗೆ ಇಟ್ಟುಕೊಂಡು ಕುಡಿಯೋದು ಅಲ್ಲೂ ಸೋಮಾರಿಗಳ ಪದ್ಧತಿಯೇ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1867ರಲ್ಲಿ ಶುರುವಾಗಿ 1917ರಲ್ಲಿ ಪ್ಯಾರಿಸ್ಸಿಗೆ ಹೋದ ಕುಸ್ಮಿ ಕಂಪನಿಯ ಸಿಟ್ರಸ್, ವೆನಿಲ್ಲಾ, ಮಸಾಲೆ ಬೆರೆತ ಮಿಶ್ರಣಗಳು ಈ ರುಚಿಯಿಂದಲೇ ಬಂದವು. ಅವನ್ನ ಹೀಗೆ ಗಟ್ಟಿ ಮಾಡಬೇಡಿ, ಅರ್ಲ್ ಗ್ರೇ ಅಳತೆಯೇ ಸರಿ.

ಎಲೆಬಟ್ಟಲು

ಒಪ್ಪಿದೆ. ನನ್ನ 4 ನಿಮಿಷ ನೇರ ಕುಡಿಯೋ ಲೋಟಕ್ಕೆ; ನೀರು ಬೆರೆಸೋ ಡಿಕಾಕ್ಷನ್‌ಗೆ ಅಲ್ಲ.

ಬೈಟೂ_ಬೇಡ

ಲ್ಯಾಪ್‌ಸಾಂಗ್ ಬಗ್ಗೆ ಯಾರಾದರೂ ಸಮರ್ಥನೆ ಕೊಡಿ. ಸುಟ್ಟ ಸೌದೆ ನೆನೆಸಿದ ನೀರಿಗೆ ಇಷ್ಟು ಬೆಲೆ ಯಾಕೆ?

ಆರ್ಥೊಡಾಕ್ಸ್_ಎಲೆ

ನೀವು ಕುಡಿದದ್ದು ಬಹುಶಃ ಕೀಳು ದರ್ಜೆಯದ್ದು. ಫುಜಿಯಾನ್ ಪ್ರಾಂತ್ಯದ ವುಯಿ ಬೆಟ್ಟಗಳ ತೊಂಗ್‌ಮು ಹಳ್ಳಿಯದ್ದು ಮೂಲ. ಮರದ ಹೊಗೆಮನೆಯಲ್ಲಿ ಕೆಳಗೆ ಪೈನ್ ಸೌದೆ ಉರಿಸಿ, ಮೇಲಿನ ಅಂತಸ್ತಲ್ಲಿ ಎಲೆ ಬಾಡಿಸ್ತಾರೆ. ಹೊಸೆದು, ಹುಳಿಸಿ, ಮತ್ತೆ ಕೊನೆಗೆ ಬಿದಿರು ತಟ್ಟೆಯಲ್ಲಿ ಹೊಗೆ ಮೇಲೇ ಒಣಗಿಸ್ತಾರೆ. ಎಲೆಯಲ್ಲಿ ತೇವ ಇರುವಾಗ ಹೊಗೆ ಹೋಗೋದರಿಂದ ಮೂರು ನಾಲ್ಕು ಸಲ ನೀರು ಹಾಕಿದರೂ ಬರ್ತಾನೇ ಇರುತ್ತೆ, ಹೊಗೆ ಹಿಂದೆ ಒಣಹಣ್ಣಿನ ಸಿಹಿ ಇರುತ್ತೆ. ಕೀಳು ದರ್ಜೆಯದ್ದು ದೊಡ್ಡ ಎಲೆಗೆ ಜೋರು ಹೊಗೆ, ಇಲ್ಲವೇ ಹೊಗೆ ಫ್ಲೇವರ್. ಬಾಯಲ್ಲಿ ಬೂದಿ ಉಳಿಯುತ್ತೆ. ಹೊಗೆಯಿಂದಲೂ ಬರಬಹುದಾದ ಆಂಥ್ರಕ್ವಿನೋನ್ ಅನ್ನೋ ರಾಸಾಯನಿಕಕ್ಕೆ ಐರೋಪ್ಯ ಒಕ್ಕೂಟ ಕೆಜಿಗೆ 0.02 ಮಿಲಿಗ್ರಾಂ ಮಿತಿ ಹಾಕಿರೋದರಿಂದ ಯುರೋಪಲ್ಲಿ ಇದನ್ನ ಮಾರೋದು ಕಷ್ಟವಾಗಿದೆ.

ಅಳತೆ: 200 ಮಿಲಿಗೆ 2 ಗ್ರಾಂ, ಎರಡೂವರೆ ನಿಮಿಷ. ಇಷ್ಟವಾಗದೆ ಡಬ್ಬಿ ಉಳಿದಿದ್ದರೆ ನೀಲಗಿರಿ ಎಲೆಗೆ ಹತ್ತಕ್ಕೆ ಒಂದು ಪಾಲು ಬೆರೆಸಿ. ರಷ್ಯನ್ ಕ್ಯಾರವಾನ್ ಅಂತ ಮಾರೋದರಲ್ಲೂ ಹಲವು ಕಡೆ ಇದೇ ಇರೋದು.

ಕಡಕ್_ಚಾ

ನಮ್ಮ ಅಲ್ಲದ (ಶುಂಠಿ) ಚಹಾಕ್ಕ ಬರೂಣ್ರಿ. ಹಸಿಶುಂಠಿ ಹಾಕಿದ್ರ ಒಮ್ಮೊಮ್ಮೆ ಹಾಲು ಒಡೀತದಲ್ಲ, ಹಾಲು ಹಳೇದಂತ ಗವಳಿಗೆ ಬೈಯಬ್ಯಾಡ್ರಿ. ಹಸಿಶುಂಠಿಯೊಳಗ ಹಾಲಿನ ಪ್ರೋಟೀನ್ ಕತ್ತರಸೂ ಕಿಣ್ವ ಅದ. ಮೊದಲು ಬರೇ ನೀರಿನ್ಯಾಗ ಜಜ್ಜಿದ ಶುಂಠಿ ಹಾಕಿ 3 ನಿಮಿಷ ಜೋರಾಗಿ ಕುದಸ್ರಿ, ಕಿಣ್ವ ಸಾಯ್ತದ. ಆಮ್ಯಾಲ ಪುಡಿ, ಆಮ್ಯಾಲ ಹಾಲು. ಬೆಲ್ಲದ ಚಹಾ ಆದ್ರ ಬೆಲ್ಲ ಒಲಿ ಆರಿಸಿದ ಮ್ಯಾಲೇ ಹಾಕ್ರಿ. ಹಾಲು, ಬೆಲ್ಲ ಎರಡೂ ಒಟ್ಟಿಗೇ ಕುದಸಿದ್ರ ಪನೀರ್ ಗ್ಯಾರಂಟಿ.

ಘಟ್ಟದ_ಕೆಳಗೆ

ನೀರಿನ ವಿಷಯ ಯಾರೂ ಎತ್ತಲಿಲ್ಲ. ಬೋರ್‌ವೆಲ್ ನೀರಲ್ಲಿ ಮಾಡಿದ ಬ್ಲ್ಯಾಕ್ ಟೀ ಮೇಲೆ ಎಣ್ಣೆ ಪದರದ ಹಾಗೆ ಒಂದು ಪೊರೆ ಕಟ್ಟುತ್ತಲ್ಲ, ಅದು ಬರ್ಗಮಾಟ್ ಎಣ್ಣೆಯಾ?

ಎಲೆಬಟ್ಟಲು

ಅಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಟೀಯ ಪಾಲಿಫಿನಾಲ್ (ಒಗರಿನ ವಸ್ತು) ಜೊತೆ ಸೇರಿ ಕಟ್ಟೋ ಪೊರೆ. ಲೋಟದ ಅಂಚಿಗೆ ಕಂದು ಗೆರೆ ಬಿಡುತ್ತೆ. ಎರಡು ಹನಿ ನಿಂಬೆ ಬಿಟ್ಟರೆ ಪೊರೆ ಒಡೆಯುತ್ತೆ. ಅದಕ್ಕೇ ಬೆಂಗಳೂರಿನ ಬೋರ್ ನೀರಲ್ಲೂ ಸುಲೈಮಾನಿ ಚೆನ್ನಾಗಿ ಬರುತ್ತೆ, ಅರ್ಲ್ ಗ್ರೇ ಮಂಕಾಗುತ್ತೆ. ಕಾವೇರಿ ನೀರು ಸಾಕು. ಆರ್‌ಒ ನೀರು ತೀರಾ ಖಾಲಿ ಇದ್ದರೆ ಟೀ ಸಪ್ಪೆ, ಅದಕ್ಕೆ ಕಾಲು ಭಾಗ ನಲ್ಲಿ ನೀರು ಬೆರೆಸಿ ಕುದಿಸಿ.

ಬೈಟೂ_ಬೇಡ

ಮನೆಯಲ್ಲೇ ಪರಿಮಳ ಕಟ್ಟೋಕೆ ಆಗುತ್ತಾ? ಉಡುಪಿ ಮಲ್ಲಿಗೆ ಇರುವಾಗ ಚೀನಾದ್ದು ಯಾಕೆ?

ಆರ್ಥೊಡಾಕ್ಸ್_ಎಲೆ

ಜಾತಿ ಸರಿಯಾಗಿದೆ. ಶಂಕರಪುರದ ಉಡುಪಿ ಮಲ್ಲಿಗೆ, ಚೀನಾದಲ್ಲಿ ಟೀಗೆ ಬಳಸೋ ಮಲ್ಲಿಗೆ, ಎರಡೂ ಸಾಂಬಾಕ್ ಅನ್ನೋ ಒಂದೇ ಜಾತಿ. ಆದರೆ ಮಾರುಕಟ್ಟೆಯ ಹೂವು ಬೇಡವೇ ಬೇಡ. ಅದು ಮುಡಿಗೆ, ದೇವರಿಗೆ ಬೆಳೆದದ್ದು. ಸಿಂಪಡಿಸಿದ ಔಷಧಿ ನಿಮ್ಮ ಲೋಟಕ್ಕೆ ಬರುತ್ತೆ. ಔಷಧಿ ಹೊಡೆಯದ ಮನೆಯಂಗಳದ ಗಿಡ ಇದ್ದರೆ ಮಾಡಿ.

ಮಧ್ಯಾಹ್ನದ ಮೇಲೆ, ಇವತ್ತು ರಾತ್ರಿ ಅರಳಲಿರುವ ಬಿಳಿ ಮೊಗ್ಗು ಕೀಳಿ. ಬೆಳಿಗ್ಗೆ ಅರಳಿ ಬಾಡಿದ್ದರಲ್ಲಿ ಘಮ ಮುಗಿದಿರುತ್ತೆ. ನೀರು ಚಿಮುಕಿಸಬೇಡಿ. ನೀಲಗಿರಿ ಎಲೆ 100 ಗ್ರಾಂಗೆ ಮೊಗ್ಗು 60 ಗ್ರಾಂ. ಮೊಗ್ಗು ಬಾಯಿ ಬಿಡೋಕೆ ಶುರುವಾದಾಗ, ಅಂದರೆ ರಾತ್ರಿ ಎಂಟರ ಹೊತ್ತಿಗೆ, ಅಗಲ ಸ್ಟೀಲ್ ಪಾತ್ರೆಯಲ್ಲಿ ಎಲೆ ಒಂದು ಪದರ, ಹೂವು ಒಂದು ಪದರ. ತೆಳು ಬಟ್ಟೆ ಮುಚ್ಚಿ. ಮಧ್ಯರಾತ್ರಿಗೊಮ್ಮೆ ಕೈಯಾಡಿಸಿ; ರಾಶಿ ಬೆಚ್ಚಗಾಗಿರುತ್ತೆ, ಬಿಸಿಯಾದರೆ ಹೂವು ಬೆಂದು ಹುಳಿವಾಸನೆ ಹಿಡಿಯುತ್ತೆ. ಬೆಳಿಗ್ಗೆ ಹೂವು ಕಂದುಗಟ್ಟೋ ಮೊದಲೇ ಆರಿಸಿ ತೆಗೆಯಿರಿ. ಒಂದು ರಾತ್ರಿಗೆ ಬರೋದು ಸುಳಿವಷ್ಟೇ, ಹೊಸ ಹೂವಿನ ಜೊತೆ ಮೂರು ರಾತ್ರಿ ಬೇಕು. ಬ್ಲ್ಯಾಕ್ ಟೀಗೆ ತನ್ನದೇ ಗಟ್ಟಿ ವಾಸನೆ ಇರೋದರಿಂದ ಗ್ರೀನ್ ಟೀಯಷ್ಟು ಸ್ಪಷ್ಟವಾಗಿ ಮಲ್ಲಿಗೆ ಕೇಳಲ್ಲ, ಆ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ನೂಮಿ

ಸಿಟ್ರಸ್ ಬೇಕಾದವರಿಗೆ ಸುಲಭ ದಾರಿ: ಕೊಡಗಿನ ಕಿತ್ತಳೆ ಅಥವಾ ಹೆರಳೆಕಾಯಿ ಸಿಪ್ಪೆ. ಒಳಗಿನ ಬಿಳಿ ಪೂರ್ತಿ ಕೆರೆದು, ನೆರಳಲ್ಲಿ ಮುರಿದರೆ ಪಟ್ ಅನ್ನೋವರೆಗೆ ಒಣಗಿಸಿ, 100 ಗ್ರಾಂ ಟೀಗೆ 5–6 ಗ್ರಾಂ. ಬರ್ಗಮಾಟ್ ಆಗಲ್ಲ, ಬೇರೆಯದೇ ರುಚಿ.

ಬರ್ಗಮಾಟ್ ಎಣ್ಣೆಯೇ ಬೇಕಂದರೆ ತಿನ್ನೋಕೆ ಯೋಗ್ಯ ಅಂತ ಸ್ಪಷ್ಟವಾಗಿ ಬರೆದದ್ದನ್ನೇ ಕೊಳ್ಳಿ, ದೀಪದ ಡಿಫ್ಯೂಸರ್‌ಗೆ ಮಾರೋದನ್ನಲ್ಲ. 100 ಗ್ರಾಂ ಎಲೆಗೆ ಅರ್ಧ ಮಿಲಿ, ಸುಮಾರು 10 ಹನಿ. ಎಲೆ ಮೇಲೆ ನೇರ ಬಿಡಬೇಡಿ, ಬಿದ್ದ ಜಾಗದ ಎಲೆಯೇ ಎಲ್ಲ ಕುಡಿದುಬಿಡುತ್ತೆ. ಸೋಪಿನ ವಾಸನೆ ಬರೋದು ಹೀಗೆ ಎಣ್ಣೆ ಜಾಸ್ತಿ ಬಿದ್ದಾಗ. ಒಣಗಿದ ಗಾಜಿನ ಜಾಡಿಗೆ ಹನಿ ಹಾಕಿ, ಗೋಡೆಗೆಲ್ಲ ಹರಡುವಂತೆ ತಿರುಗಿಸಿ, ಆಮೇಲೆ ಎಲೆ ತುಂಬಿ. ದಿನಕ್ಕೆರಡು ಸಲ ಕುಲುಕಿ, ಐದನೇ ದಿನ ತೆಗೆಯಿರಿ. ಆರು ತಿಂಗಳಲ್ಲಿ ಮುಗಿಸಿ. ಹಳತಾದ ಸಿಟ್ರಸ್ ಎಣ್ಣೆ ಟರ್ಪೆಂಟೈನ್ ವಾಸನೆ ಹೊಡೆಯುತ್ತೆ. ದಿನಕ್ಕೆ ಎರಡು ಮೂರು ಲೋಟಕ್ಕೆ ಭಯ ಬೇಡ. 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾದ ಸ್ನಾಯು ಸೆಳೆತದ ರೋಗಿ ಕುಡೀತಿದ್ದದ್ದು ದಿನಕ್ಕೆ ನಾಲ್ಕು ಲೀಟರ್ ಅರ್ಲ್ ಗ್ರೇ.

ಬೈಟೂ_ಬೇಡ

ಮಲ್ಲಿಗೆ ಜೊತೆ ಇಟ್ಟ ಎಲೆ ತೇವ ಎಳೆದುಕೊಳ್ಳಲ್ವಾ? ಬಿಸಿಲಲ್ಲಿ ಒಣಗಿಸಬಹುದಾ?

ಆರ್ಥೊಡಾಕ್ಸ್_ಎಲೆ

ಬಿಸಿಲು ಬೇಡ, ಕಟ್ಟಿದ ಪರಿಮಳ ಹಾರಿಹೋಗುತ್ತೆ. ಶುರುವಿನಲ್ಲೇ ಎಲೆ ತೂಗಿ ಬರೆದಿಟ್ಟುಕೊಳ್ಳಿ. 100 ಗ್ರಾಂ ಇದ್ದದ್ದು ಹೂವು ತೆಗೆದ ಮೇಲೆ 110ರ ಸುಮಾರು ತೂಗುತ್ತೆ. ಹೆಚ್ಚಿದ್ದೆಲ್ಲ ಹೂವಿನ ತೇವ. ಓವನ್ 70 ಡಿಗ್ರಿಗೆ ಇಟ್ಟು, ಬಾಗಿಲು ಒಂದು ಬೆರಳು ತೆರೆದು, ತೆಳುವಾಗಿ ಹರಡಿ, 15 ನಿಮಿಷಕ್ಕೊಮ್ಮೆ ತೂಗಿ. 101ಕ್ಕೆ ಬಂದಾಗ ನಿಲ್ಲಿಸಿ. ಪ್ರತಿ ರಾತ್ರಿಯ ನಂತರವೂ ಹೀಗೇ, ಒದ್ದೆ ಎಲೆಗೆ ಎರಡನೇ ಸಲ ಹೂವು ಹಾಕಿದರೆ ಬೂಷ್ಟು ಖಂಡಿತ. ಓವನ್ ಇಲ್ಲದವರು ದಪ್ಪ ತಳದ ಬಾಣಲೆ ಕಾಯಿಸಿ, ಒಲೆ ಆರಿಸಿ, ಅದರ ಬಿಸಿಯಲ್ಲೇ ಕೈಯಾಡಿಸಬಹುದು. ಕೈಗೆ ಬಿಸಿ ತಡೆಯೋಕಾಗ್ತಿಲ್ಲ ಅಂದರೆ ಜಾಸ್ತಿಯಾಯ್ತು ಅಂತ. ಡಬ್ಬಿಗೆ ತುಂಬೋ ಮೊದಲು ಎಲೆ ಪೂರ್ತಿ ಆರಿರಲಿ, ಮತ್ತೆ ಆ ಡಬ್ಬಿ ಹಿಂದೆ ಸಾಂಬಾರ್ ಪುಡಿಯದ್ದಾಗಿರಬಾರದು.